ತಣ್ಣನೆ ಕೋಣೆಯ ನೇರ ರೆಕ್ಕೆಗಳು

ನೊಣದ ಅಡುಗೆಮನೆ, ಮೂರನೇ ಮಹಡಿ
ಸೆಪ್ಟೆಂಬರ್ 9, 2018

ದೋನ್ ರೈನೋ,

ಬೈಯಬೇಡಿ. ನಮ್ಮ ಟೆಕ್ಸಸ್ ಗಡಿಯ ಊರಿನಲ್ಲಿ ಹಿರಿಯರನ್ನು ದೋನ್ ಎಂದೇ ಕರೆಯುವುದು. ನೀವು ಮಿಶಿಗನ್ನಿನ ಫಿನ್ನಿಷ್ ಮುದುಕರಾದರೂ ನನ್ನ ಬಾಯಿಗೆ ಬರುವುದು ಅದೇ.

ನೀವು ನಿವೃತ್ತರಾಗಿ ಮೂರು ತಿಂಗಳಾಯಿತು. ನಮ್ಮ ಪ್ರಯೋಗಾಲಯದ ನೊಣಗಳಿಗೆಂದು ಮೂವತ್ತನಾಲ್ಕು ವರ್ಷ ನೀವು ಕಾಯಿಸಿದ ಗಂಜಿಯನ್ನು ಈಗ ಬ್ರೆಂಡಾ ಕಾಯಿಸುತ್ತಾಳೆ. ಪಾಪ, ಒಳ್ಳೆಯವಳು. ಆದರೆ ಗಂಜಿ ನೀರಾಗಿ, ಕಳೆದ ವಾರ ನನ್ನ ನಲವತ್ತು ಸೀಸೆ ಮರಿಹುಳುಗಳು ಊಟದಲ್ಲೇ ಮುಳುಗಿ ಸತ್ತವು. ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಯೀಸ್ಟ್ ಎಲ್ಲವನ್ನೂ ಅಳತೆಯಂತೆಯೇ ಹಾಕಿದ್ದಾಳೆ. ಮತ್ತೆಲ್ಲಿ ಎಡವಟ್ಟು? ನೀವು ಕಂಪ್ಯೂಟರ್ ಮುಟ್ಟುವವರಲ್ಲ, ಫೋನ್ ಎತ್ತುವವರೂ ಅಲ್ಲ. ಟ್ರೇಗಳ ಮೇಲೆ ಚೀಟಿ ಅಂಟಿಸಿಯೇ ನಮ್ಮನ್ನೆಲ್ಲ ಆಳಿದವರು. ಅದಕ್ಕೇ ಈ ಕಾಗದ.

ನನ್ನ ಪ್ರಯೋಗ ಶುರುವಾಗಿದೆ. ನೂರು ಸಲ ಹೇಳಿದ್ದೆ, ನೀವು ಗಂಜಿ ಕಲಕುತ್ತಾ ‘ಹ್ಞೂಂ’ ಎಂದಿದ್ದಿರಿ. ಕೇಳಿಸಿಕೊಂಡಿರೋ ಇಲ್ಲವೋ ದೇವರೇ ಬಲ್ಲ, ಆದ್ದರಿಂದ ಮತ್ತೊಮ್ಮೆ. ಮರಿಹುಳುವಿನ ಮೈಯೊಳಗೆ ಮುಂದೆ ರೆಕ್ಕೆಯಾಗಬೇಕಾದ ಗಸಗಸೆ ಗಾತ್ರದ ಚೀಲವಿದೆಯಲ್ಲ, ಅದರ ಕೆಲವು ಜೀವಕೋಶಗಳಿಗೆ ಸಾಯುವಂತೆ ಆಜ್ಞೆ ಕೊಡುತ್ತೇವೆ. ಸಾಯುವ ಗಳಿಗೆಯಲ್ಲಿ ಕೈಹಿಡಿದು ತಡೆಯುತ್ತೇವೆ. ಅವು ಅತ್ತ ಸಾಯವು, ಇತ್ತ ಬದುಕವು. ಆಗ ಸುತ್ತಲಿನ ಆರೋಗ್ಯವಂತ ಕೋಶಗಳು ಬೆಳೆಯತೊಡಗುತ್ತವೆ. ಬೆಳೆದು ಬೆಳೆದು ಚೀಲ ಎರಡರಷ್ಟಾಗುತ್ತದೆ. ನೆರೆಯವನು ಸಾಯುತ್ತಿದ್ದಾನೆಂದು ಇವಕ್ಕೆ ಹೇಳಿದವರಾರು? ಕ್ಯಾಲ್ಸಿಯಂ ಎಂದು ನನ್ನ ಹಟ. ಎಲುಬಿನಲ್ಲಿರುವ ಅದೇ ಕ್ಯಾಲ್ಸಿಯಂ, ಕೋಶದೊಳಗಿನ ಉಗ್ರಾಣದಿಂದ ಒಮ್ಮೆಗೇ ಹೊರನುಗ್ಗಿ ಸುದ್ದಿ ಮುಟ್ಟಿಸುತ್ತದೆ ಎಂದು. ಹೋಗುವ ಮುಂಚೆ ನೀವು ನನಗೆ ಕಟ್ಟಿಕೊಟ್ಟ 114ನೇ ವಂಶದ ನೊಣಗಳು ಆ ಉಗ್ರಾಣದ ಬಾಗಿಲನ್ನು ಮುಚ್ಚಿಬಿಡುವ ಗುಣ ಹೊತ್ತಿವೆ. ಅವನ್ನು ನನ್ನ ನೊಣಗಳಿಗೆ ಕೂಡಿಸಿದರೆ ಹುಟ್ಟುವ ಪ್ರತಿ ಮರಿಯಲ್ಲೂ ಸುದ್ದಿ ನಿಲ್ಲಬೇಕು, ಬೆಳವಣಿಗೆಯೂ ನಿಲ್ಲಬೇಕು. ನಿಂತರೆ ನನಗೆ ಡಾಕ್ಟರೇಟ್. ನಿಲ್ಲದಿದ್ದರೆ ನಮ್ಮೂರು ಲರೇಡೋಗೆ ವಾಪಸ್ ಬಸ್ಸು.

ಗಂಜಿಯ ಗುಟ್ಟು ಬರೆಯಿರಿ.

ಇಮೆಲ್ಡಾ


ಹ್ಯಾನ್‌ಕಾಕ್, ಮಿಶಿಗನ್
ಸೆಪ್ಟೆಂಬರ್ 21, 2018

ಇಮೆಲ್ಡಾ,

ನಿನ್ನ ಅಕ್ಷರ ಇರುವೆ ಸಾಲಿದ್ದ ಹಾಗಿದೆ. ದೊಡ್ಡದಾಗಿ ಬರೆ, ಕಾಗದಕ್ಕೇನು ಬರವೇ?

ಗಂಜಿಯ ತಪ್ಪು ಅಳತೆಯಲ್ಲಿಲ್ಲ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಆಮೇಲೆ ಕುದಿಯುವ ನೀರಿಗೆ ಸುರಿಯಬೇಕು. ಬ್ರೆಂಡಾ ನೇರ ಕುದಿನೀರಿಗೆ ಸುರಿಯುತ್ತಿದ್ದಾಳೆ, ಗಂಟಾಗುತ್ತದೆ, ಮೇಲೆ ನೀರು ನಿಲ್ಲುತ್ತದೆ. ಸೌಟಿನ ಬೆನ್ನಿಗೆ ಗಂಜಿ ಅಂಟಿ, ಬೆರಳಿನಲ್ಲಿ ಎಳೆದ ಗೆರೆ ಕೂಡಿಕೊಳ್ಳದೆ ನಿಂತರೆ ಸರಿಯಾಯಿತೆಂದು ಲೆಕ್ಕ.

ಅವಳಿಗೆ ನೊಣ ಆರಿಸುವುದನ್ನೂ ನೀನೇ ಕಲಿಸು. ಸುರುಳಿ ರೆಕ್ಕೆಯೆಂದರೆ ‘ನನ್ನಲ್ಲಿ ಕಲಬೆರಕೆ ಇದೆ, ನನ್ನನ್ನು ತೆಗೆದುಹಾಕಿ’ ಎಂಬ ಗುರುತು. ನೇರ ರೆಕ್ಕೆಯವು ಅಪ್ಪಟ. ಆದರೆ ಹದಿನೆಂಟು ಡಿಗ್ರಿಯ ತಣ್ಣನೆ ಕೋಣೆಯಲ್ಲಿ ಬೆಳೆದರೆ ಸುರುಳಿ ಬಿಚ್ಚಿಕೊಂಡು ನೇರವಿದ್ದಂತೆಯೇ ಕಾಣುತ್ತದೆ. ಅದಕ್ಕೇ ಎಲ್ಲರೂ ಬಿಸಿ ಕೋಣೆಗೆ ಒಯ್ದು, ಅಲ್ಲಿ ಹುಟ್ಟಿದ ನೊಣಗಳನ್ನು ಆರಿಸುತ್ತಾರೆ. ಅವಳೂ ಹಾಗೇ ಮಾಡಲಿ. ನಾನೊಬ್ಬನೇ ತಣ್ಣನೆ ಕೋಣೆಯಲ್ಲೇ ಆರಿಸುತ್ತಿದ್ದೆ. ರೆಕ್ಕೆಯ ತುದಿ ಕೂದಲೆಳೆಯಷ್ಟು ಎದ್ದಿದ್ದರೂ ನನಗೆ ಸಿಕ್ಕಿಬೀಳುತ್ತಿತ್ತು. ಜಂಬವಲ್ಲ, ನಿಜ.

ಇಲ್ಲಿ ಅಕ್ಕ ಐಲಿಯ ಮನೆಯಲ್ಲಿದ್ದೇನೆ. ಶನಿವಾರ ಸೌನಾ ಎಂಬ ಹಬೆಮನೆಯ ಸ್ನಾನ, ಭಾನುವಾರ ಮಾಂಸದ ಪ್ಯಾಸ್ಟಿ ಕಡುಬು, ಮಿಕ್ಕ ದಿನ ಅವಳ ಬಾಯಿ. ಚೆನ್ನಾಗಿದ್ದೇನೆ.

ರೈನೋ ಕಾಂಗಸ್


ಮೂರನೇ ಮಹಡಿ
ಅಕ್ಟೋಬರ್ 14, 2018

ದೋನ್ ರೈನೋ,

ಗೋಡೆ ಬರಹದಷ್ಟು ದಪ್ಪಕ್ಕೆ ಬರೆದಿದ್ದೇನೆ, ಸಂತೋಷವೇ?

ಗಂಜಿ ಸರಿಯಾಯಿತು. ಬ್ರೆಂಡಾ ನಿಮ್ಮ ಹೆಸರಿಗೆ ಮೇಣದ ಬತ್ತಿ ಹಚ್ಚುವುದೊಂದು ಬಾಕಿ.

ಮಂಗಳವಾರ ನಾನೊಂದನ್ನು ಕಂಡೆ, ಯಾರಿಗೆ ಹೇಳಲೆಂದು ತಿಳಿಯದೆ ನಿಮಗೆ ಹೇಳುತ್ತಿದ್ದೇನೆ. ಕ್ಯಾಲ್ಸಿಯಂ ಎದ್ದಲ್ಲೆಲ್ಲ ಹೊಳೆಯುವಂತೆ ಮಾಡುವ ಗುಣವೊಂದನ್ನು ನನ್ನ ನೊಣಗಳಿಗೆ ಸೇರಿಸಿದ್ದೆ. ಹುಳು ಬಗೆದು ಚೀಲ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮೊದಲು ಕತ್ತಲೆ. ಆಮೇಲೆ ನಡುವಿನ ಒಂದೇ ಒಂದು ಕೋಶ, ಸಾಯಲಾರದೆ ನಿಂತದ್ದು, ಮಿಣುಕ್ ಎಂದಿತು. ಪಕ್ಕದ್ದು ಮಿಣುಕಿತು. ಅದರ ಪಕ್ಕದ್ದು. ನೋಡನೋಡುತ್ತ ಬೆಳಕು ಅಲೆಯಾಗಿ ಇಡೀ ಚೀಲವನ್ನು ದಾಟಿ ಅಂಚಿಗೆ ಹೋಯಿತು. ಅಯ್ಯೋ, ನಾನು ಉಸಿರಾಡುವುದನ್ನೇ ಮರೆತಿದ್ದೆ! ಗಸಗಸೆ ಕಾಳಿನೊಳಗೆ ಇಷ್ಟು ದೊಡ್ಡ ಊರು, ಊರಿಗೆಲ್ಲ ಒಂದೇ ಸುದ್ದಿ. ಚಿತ್ರ ಲಗತ್ತಿಸಿದ್ದೇನೆ, ನೋಡಿ ಹೇಗಿದೆ ಹೇಳಿ. ಮೊದಲ ಪ್ರತಿ ನಿಮ್ಮದೇ.

ಕೆಟ್ಟ ಸುದ್ದಿಯೂ ಇದೆ. 114 ಕೂಡಿಸಿದ ಮರಿಗಳಲ್ಲಿ ಬೆಳವಣಿಗೆ ನಿಲ್ಲಬೇಕಿತ್ತಲ್ಲ? ಮೂರು ಚೀಲ ತೆಗೆದರೆ ಎರಡು ಸಣ್ಣ, ಒಂದು ದೊಡ್ಡದು. ಯಾವ ತಲೆಬುಡವೂ ಇಲ್ಲ. ನಮ್ಮ ಮುಖ್ಯಸ್ಥೆ ಗ್ರೆಟಾ ನೋಡಿ, “ಐಡಿಯಾ ಚೆಂದ ಇದೆ ಕಣೆ, ಆದ್ರೆ ನೊಣ ಒಪ್ತಾ ಇಲ್ವಲ್ಲ” ಎಂದಳು. ನನ್ನ ಕೈಯಲ್ಲೇ ತಪ್ಪಿದೆಯೋ ಏನೋ.

ಇಮೆಲ್ಡಾ


ಹ್ಯಾನ್‌ಕಾಕ್
ಅಕ್ಟೋಬರ್ 27, 2018

ಇಮೆಲ್ಡಾ,

ಚಿತ್ರ ಸಿಕ್ಕಿತು. ಎಂಥ ಹಸಿರು! ಅಲೆ ಅಂಚಿಗೆ ಹೋಗುವುದು ಎಷ್ಟು ಸ್ಪಷ್ಟವಾಗಿದೆ. ಗೋಡೆಗೆ ಅಂಟಿಸಿದ್ದೇನೆ.

ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ. ಎರಡು ಚಿಮಟಿಗೆಗಳಲ್ಲಿ ಹುಳು ಬಗೆಯುವುದನ್ನು ನಿನ್ನಷ್ಟು ಅಚ್ಚುಕಟ್ಟಾಗಿ ಮಾಡಿದವರನ್ನು ನಾನು ಈ ಮೂವತ್ತನಾಲ್ಕು ವರ್ಷದಲ್ಲಿ ಇಬ್ಬರನ್ನೋ ಮೂವರನ್ನೋ ಕಂಡಿರಬೇಕು. ಇನ್ನೊಮ್ಮೆ ಮಾಡು.

ಇಲ್ಲಿ ಹಿಮ ಬಿತ್ತು. ಐಲಿಯ ಕಾರು ಈಗ ಅವಳೇ ಓಡಿಸುತ್ತಾಳೆ, ನನಗೆ ಚಳಿಗೆ ಹೊರಡಲು ಮನಸ್ಸಿಲ್ಲ.

ರೈನೋ


ಮೂರನೇ ಮಹಡಿ
ನವೆಂಬರ್ 27, 2018

ಪ್ರಿಯ ರೈನೋ ಅವರಿಗೆ,

ಚಿತ್ರ ಹಸಿರಾಗಿದೆ ಎಂದು ಬರೆದಿರಿ. ಬಣ್ಣದ ಮುದ್ರಕ ಕೆಟ್ಟಿತ್ತು, ನಾನು ಕಳಿಸಿದ್ದು ಕಪ್ಪು-ಬಿಳುಪು. ಲಕೋಟೆಯನ್ನೇ ಒಡೆಯಲಿಲ್ಲವೋ ಏನೋ. ಇರಲಿ. ನಿವೃತ್ತರಾದವರಿಗೆ ನಮ್ಮ ಹುಳುಗಳ ಗೋಳು ಏಕೆ ಬೇಕು, ನನಗೆ ಅರ್ಥವಾಗುತ್ತದೆ.

ಇನ್ನೊಮ್ಮೆ ಮಾಡಿದೆ. ಇನ್ನೆರಡು ಸಲವೂ ಮಾಡಿದೆ. ಎರಡು ಸಣ್ಣ, ಒಂದು ದೊಡ್ಡ. ಜನವರಿ 17ಕ್ಕೆ ಮೂವರು ಪ್ರೊಫೆಸರರ ಸಮಿತಿ ಕೂರುತ್ತದೆ. ಅಷ್ಟರಲ್ಲಿ ಉತ್ತರ ಸಿಗದಿದ್ದರೆ ಈ ವಿಷಯ ಕೈಬಿಟ್ಟು, ಡಾಕ್ಟರೇಟಿನ ಬದಲು ಸಣ್ಣ ಪದವಿ ತೆಗೆದುಕೊಂಡು ಹೊರಡಬೇಕು. ಐದು ವರ್ಷದ ದುಡಿಮೆ!

ನನ್ನ ಬೇಜವಾಬ್ದಾರಿಗೆ ಇನ್ನೊಂದು ಸಾಕ್ಷಿ ಕೇಳಿ. 114ರ ಒಂದು ಸೀಸೆಯನ್ನು ಕಿಟಕಿಯ ಹೀಟರ್ ಮೇಲೆ ಎರಡು ವಾರ ಮರೆತಿದ್ದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಸಿ ಬಂದು ನೋಡಿದರೆ ಒಳಗೆ ಅರ್ಧಕ್ಕಿಂತ ಹೆಚ್ಚು ಸುರುಳಿ ರೆಕ್ಕೆಯವು. ಎಲ್ಲಿಂದಲೋ ಬೇರೆ ನೊಣ ನುಗ್ಗಿದೆ, ನನ್ನ ಹತ್ತಿಯ ಬಿರಡೆ ಸಡಿಲವಿತ್ತು. ಎತ್ತಿ ಬಿಸಾಡಿದೆ. ಮೇಜಿನ ಮೇಲಿನ ಸೀಸೆ ಕಾಯಲಾರದವಳು ವಿಜ್ಞಾನ ಮಾಡುತ್ತಾಳಂತೆ.

ನಿಮ್ಮ
ಇಮೆಲ್ಡಾ ಟ್ರೆವಿನ್ಯೋ


ಮೂರನೇ ಮಹಡಿ
ಡಿಸೆಂಬರ್ 19, 2018

ರೈನೋ ಅವರಿಗೆ,

ಮೂರು ವಾರದಿಂದ ಉತ್ತರವಿಲ್ಲ. ನಾನು ಒರಟಾಗಿ ಬರೆದೆ, ಕ್ಷಮಿಸಿ. ಕ್ರಿಸ್‌ಮಸ್‌ಗೆ ನಮ್ಮಮ್ಮ ಕಳಿಸಿದ ತಮಾಲೆ ಎಂಬ ಜೋಳದ ಕಡುಬಿನಲ್ಲಿ ಒಂದು ಡಜನ್ ನಿಮ್ಮ ವಿಳಾಸಕ್ಕೆ ಹಾಕಿದ್ದೇನೆ. ನಾನು ಮೇಜು ಖಾಲಿ ಮಾಡಲು ಶುರು ಮಾಡಿದ್ದೇನೆ.

ಇಮೆಲ್ಡಾ


ಹ್ಯಾನ್‌ಕಾಕ್
ಜನವರಿ 4, 2019

ಇಮೆಲ್ಡಾ,

ಇದು ಐಲಿಯ ಕೈಬರಹ, ಮಾತು ನನ್ನದು. ಅವಳು ನಡುವೆ ಏನನ್ನೂ ಸೇರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ.

ನಿನ್ನ ಸೀಸೆಗೆ ಬೇರೆ ನೊಣ ನುಗ್ಗಿಲ್ಲ. ನಿನ್ನ ಬಿರಡೆ ಸರಿಯಾಗಿಯೇ ಇತ್ತು. ಸುರುಳಿ ರೆಕ್ಕೆಯವು ಮೊದಲ ದಿನದಿಂದಲೂ 114ರಲ್ಲೇ ಇದ್ದವು, ತಣ್ಣನೆ ಕೋಣೆಯಲ್ಲಿ ನೇರವಾಗಿ ಕಂಡವು ಅಷ್ಟೆ. ಹೀಟರಿನ ಬಿಸಿಗೆ ತಮ್ಮ ನಿಜ ಬಣ್ಣ ತೋರಿಸಿದವು. ನೀನು ಮರಿಹುಳುಗಳನ್ನಷ್ಟೇ ಬಿಸಿ ಕೋಣೆಗೆ ಒಯ್ಯುತ್ತೀಯ, ಅವು ರೆಕ್ಕೆ ಬಿಡುವ ಮೊದಲೇ ಬಗೆಯುತ್ತೀಯ. ಹಾಗಾಗಿ ನಿನಗೆ ಕಾಣುವ ದಾರಿಯೇ ಇರಲಿಲ್ಲ. ಅಪ್ಪಟವೆಂದು ನಾನು ಕೊಟ್ಟದ್ದು ಕಲಬೆರಕೆ. ನಿನ್ನ ಮರಿಗಳಲ್ಲಿ ಮೂರರಲ್ಲೊಂದಕ್ಕೆ ಬಾಗಿಲು ಮುಚ್ಚುವ ಗುಣವೇ ಬಂದಿಲ್ಲ. ಅದಕ್ಕೇ ಅವು ಬೆಳೆಯುತ್ತಿವೆ. ಲೆಕ್ಕ ಹಾಕಿ ನೋಡು.

ನಾನು ತಪ್ಪಾಗಿ ಆರಿಸಿದೆ. ಕಾರಣ, ನನಗೆ ಕಾಣುತ್ತಿರಲಿಲ್ಲ. ಕಳೆದ ವರ್ಷ ಜನವರಿಯಿಂದಲೇ ಕಣ್ಣಿನ ನಡುವೆ ಹೊಗೆ ಕಟ್ಟಿದ ಹಾಗೆ. ನೇರ ನೋಡಿದ್ದು ಅಳಿಸಿಹೋಗುತ್ತದೆ, ಬದಿಯದು ಮಾತ್ರ ಉಳಿಯುತ್ತದೆ. ಡಾಕ್ಟರು ಅದಕ್ಕೆ ಉದ್ದನೆಯ ಹೆಸರು ಹೇಳಿ, ಮದ್ದಿಲ್ಲ ಎಂದರು. ಯಾರಿಗೂ ಹೇಳಲಿಲ್ಲ. ರೈನೋ ಕಣ್ಣೆಂದರೆ ರೈನೋ ಕಣ್ಣು ಎಂದು ನೀವೆಲ್ಲ ಹೇಳಿ ಹೇಳಿ, ಬಿಸಿ ಕೋಣೆಗೆ ಒಯ್ದು ಆರಿಸಲು ನನಗೆ ನಾಚಿಕೆಯಾಯಿತು. ಅಂದಾಜಿನಲ್ಲಿ ಆರಿಸಿದೆ. ಆ ಚಿತ್ರದ ದಿನ ಐಲಿ ಮನೆಯಲ್ಲಿರಲಿಲ್ಲ. ನಿನ್ನ ದಪ್ಪ ಅಕ್ಷರವನ್ನು ಬದಿಗಣ್ಣಿನಲ್ಲಿ ಹೇಗೋ ಓದಿದೆ, ಚಿತ್ರ ತಿಳಿಯಲಿಲ್ಲ. ಹೊಳೆಯುವುದು ಹಸಿರೇ ಇರುತ್ತದಲ್ಲ ಎಂದು ಬರೆದುಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಿನ್ನ ನವೆಂಬರಿನ ಕಾಗದ ಐಲಿ ಓದುತ್ತಿದ್ದಂತೆಯೇ ನನ್ನ ಕೈ ಕಣ್ಣಿಗೆ ಹೋಯಿತು.

ಆವತ್ತೇ ಎಲ್ಲ ಗೊತ್ತಾಯಿತು. ಒಂದು ತಿಂಗಳು ಸುಮ್ಮನಿದ್ದೆ. ನಿನಗೆ ತಾನಾಗಿಯೇ ಹೊಳೆಯಲಿ, ನನ್ನ ಹೆಸರು ಉಳಿಯಲಿ ಎಂದು ಕಾದೆ. ತಮಾಲೆ ಬಂತು. ನಾನು ಮುಟ್ಟದೆ ಎಲ್ಲವನ್ನೂ ಐಲಿಗೆ ಕೊಟ್ಟೆ.

ಈ ಕಾಗದವನ್ನು ಸಮಿತಿಯ ಮೇಜಿನ ಮೇಲಿಟ್ಟು ಓದು. ಆ ಆರು ತಿಂಗಳಲ್ಲಿ ನಾನು ಕಟ್ಟಿದ ಇನ್ನೂ ಹನ್ನೊಂದು ವಂಶಗಳ ಸಂಖ್ಯೆ ಹಿಂಬದಿಯಲ್ಲಿದೆ. ಅವರವರಿಗೆ ಹೇಳು, ಎಲ್ಲವನ್ನೂ ಬಿಸಿ ಕೋಣೆಗೆ ಒಯ್ದು ಪರೀಕ್ಷಿಸಲಿ.

ರೈನೋ ಕಾಂಗಸ್


ಮೂರನೇ ಮಹಡಿ
ಜನವರಿ 9, 2019

ರೈನೋ,

ಕಾಗದ ಇವತ್ತು ಬಂತು. ನನಗೆ ಕೆಂಡದಂಥ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತಲ್ಲ! ಮೂರು ತಿಂಗಳು ನನ್ನ ಈ ಎರಡು ಕೈಗಳನ್ನು ನಾನೇ ಶಪಿಸಿದೆ. ರಾತ್ರಿ ನಿದ್ದೆಯಿಲ್ಲದೆ ತೂಕ ಇಳಿಸಿಕೊಂಡೆ. ‘ನಾನು ದಡ್ಡಿ ಅಮ್ಮಾ’ ಎಂದು ಫೋನಿನಲ್ಲಿ ಅತ್ತೆ. ನಿಮಗೆ ತಿಂಗಳ ಹಿಂದೆಯೇ ಗೊತ್ತಿತ್ತು. ಸಭೆಗೆ ಎಂಟು ದಿನ ಉಳಿದಿರುವಾಗ ಹೇಳುತ್ತೀರಿ.

ಕಣ್ಣು ಹೋಗುತ್ತಿದೆ ಎಂದು ಮೊದಲೇ ಹೇಳಿದ್ದರೆ ನಾನೇ ಪಕ್ಕ ಕೂತು ಆರಿಸುತ್ತಿದ್ದೆ. ನಗುತ್ತಿರಲಿಲ್ಲ, ದೇವರಾಣೆ.

114ರ ಸೀಸೆಗಳನ್ನು ಈಗಷ್ಟೇ ಬಿಸಿ ಕೋಣೆಗೆ ಸಾಗಿಸಿದೆ.

ಇಮೆಲ್ಡಾ


ಮೂರನೇ ಮಹಡಿ
ಜನವರಿ 18, 2019

ರೈನೋ ಅವರಿಗೆ,

ನಿನ್ನೆ ಬೆಳಿಗ್ಗೆ ಸಭೆಗೆ ಮುಂಚೆ ಸೀಸೆ ನೋಡಿದೆ. ಹೊಸದಾಗಿ ಹೊರಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುರುಳಿ. ನೀವು ಹೇಳಿದ್ದೇ ಸರಿ.

ನಿಮ್ಮ ಕಾಗದ ಓದುವುದೋ ಬೇಡವೋ ಎಂದು ಬಾಗಿಲ ತನಕ ತೂಗಾಡಿದೆ. ಓದಿದೆ. ‘ನನಗೆ ಕಾಣುತ್ತಿರಲಿಲ್ಲ’ ಎಂಬಲ್ಲಿ ನಿಲ್ಲಿಸಿದೆ, ಗ್ರೆಟಾ ತೆಗೆದುಕೊಂಡು ಮುಂದೆ ಓದಿದಳು. ಓದಿ ಮುಗಿದ ಮೇಲೆ ಬರ್ನಾರ್ಡ್ ಪೆಕ್, ಅವರೇ ನಿಮ್ಮ ಗಂಜಿಯ ವಾಸನೆಗೆ ಮೂಗು ಮುರಿಯುತ್ತಿದ್ದ ಮುದುಕ, ಕನ್ನಡಕ ತೆಗೆದಿಟ್ಟು ಹೇಳಿದರು: “ನಾನು ಹದಿನೇಳು ವರ್ಷ ರೈನೋ ಕಣ್ಣು ನಂಬ್ಕೊಂಡು ಪೇಪರ್ ಬರ್ದಿದೀನಿ. ಈಗ ತಾನು ತಪ್ಪು ಮಾಡಿದೆ ಅಂತ ಅವನೇ ಹೇಳ್ತಿದ್ದಾನೆ. ಅದನ್ನೂ ನಂಬ್ತೀನಿ. ಹುಡುಗಿಗೆ ಟೈಮ್ ಕೊಡ್ರಿ.”

ಹತ್ತು ವಾರ ಕೊಟ್ಟಿದ್ದಾರೆ. ಹನ್ನೊಂದು ವಂಶಗಳಲ್ಲಿ ನಾಲ್ಕು ಕೆಟ್ಟಿವೆ, ಏಳು ಅಪ್ಪಟವೇ ಇವೆ. ನಿಮಗೆ ತಿಳಿಸಲೇಬೇಕೆನ್ನಿಸಿತು.

ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಇಮೆಲ್ಡಾ


ಹ್ಯಾನ್‌ಕಾಕ್
ಜನವರಿ 29, 2019

ಇಮೆಲ್ಡಾ,

ಇಳಿಯದಿರಲಿ. ಒಂದೊಂದೇ ಹೆಣ್ಣು, ಒಂದೊಂದೇ ಗಂಡು, ಬೇರೆ ಬೇರೆ ಸೀಸೆ. ಬಿಸಿ ಕೋಣೆಯಲ್ಲೇ ಮೂರು ತಲೆಮಾರು ನೋಡು, ಅವಸರ ಮಾಡಬೇಡ. ಸಂಶಯ ಬಂದದ್ದನ್ನು ಬಿಸಾಡು.

ಐಲಿ ಹೇಳುತ್ತಾಳೆ, ನಾನು ಬೇಡವೆಂದರೂ ಅವಳೇ ಬರೆಯುತ್ತಾಳಂತೆ: “ಸಭೆಯ ಸುದ್ದಿ ಓದ್ದಾಗ ನಿಮ್ ರೈನೋ ಸೌನಾಗೆ ಹೋಗಿ ಒಂದ್ ಗಂಟೆ ಆಚೆ ಬರ್ಲಿಲ್ಲ ಕಣಮ್ಮ. ಬೆಂಕೀನೇ ಹಾಕಿರ್ಲಿಲ್ಲ ಅದಕ್ಕೆ.”

ರೈನೋ


ಮೂರನೇ ಮಹಡಿ
ಮಾರ್ಚ್ 24, 2019

ದೋನ್ ರೈನೋ,

ಈ ಸಲ ಚಿತ್ರ ಕಳಿಸುವುದಿಲ್ಲ. ಐಲಿಯವರೇ, ನಿಧಾನ ಓದಿ.

ಅಪ್ಪಟ 114 ಕೂಡಿಸಿ ಮೂವತ್ತೊಂದು ಚೀಲ ತೆಗೆದೆ. ಮೂವತ್ತೊಂದೂ ಸಣ್ಣ. ಒಂದೂ ಬೆಳೆದಿಲ್ಲ! ಗ್ರೆಟಾ ತಾನೇ ಎರಡು ಸಲ ಎಣಿಸಿದಳು, ಆಮೇಲೆ ನನ್ನ ತಲೆ ಹಿಡಿದು ಅಲ್ಲಾಡಿಸಿದಳು. ಕ್ಯಾಲ್ಸಿಯಂ ನಿಂತರೆ ಬೆಳವಣಿಗೆ ನಿಲ್ಲುತ್ತದೆ. ಸಮಿತಿಗೆ ತೋರಿಸಿಯಾಯಿತು, ಲರೇಡೋ ಬಸ್ಸು ಸದ್ಯಕ್ಕೆ ಹೊರಡುವುದಿಲ್ಲ.

ಈಗ ಕಣ್ಣು ಮುಚ್ಚಿ. ಬಾಗಿಲು ತೆರೆದಿರುವ ಚೀಲ ಹೇಗಿರುತ್ತದೆಂದು ಹೇಳುತ್ತೇನೆ. ಬೊಗಸೆಯಾಕಾರದ ಕತ್ತಲೆ. ಅದರ ನಡುವೆ ಸಾಯಲು ಹೊರಟು ನಿಂತ ಕೋಶಗಳ ಗೆರೆ, ಬೇಲಿಯ ಹಾಗೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬೇಲಿಯ ಒಂದು ಗೂಟ ಬೆಳಗುತ್ತದೆ. ಅಲ್ಲಿಂದ ಬೆಳಕು ಕೆನ್ನೆಗೆ ರಂಗೇರಿದ ಹಾಗೆ ಹರಡುತ್ತದೆ. ವೇಗವಾಗಿ ಅಲ್ಲ, ನಡಿಗೆಯ ನಿಧಾನದಲ್ಲಿ. ಪ್ರತಿ ಕೋಶವೂ ತನ್ನ ಸರದಿ ಕಾಯುತ್ತದೆ, ಪಡೆಯುತ್ತದೆ, ಕೊಡುತ್ತದೆ, ಕಪ್ಪಾಗುತ್ತದೆ. ಯಾವುದೂ ಇಟ್ಟುಕೊಳ್ಳುವುದಿಲ್ಲ. ಅಂಚು ಮುಟ್ಟಿದಾಗ ಮುಗಿಯಿತು. ಒಂದು ದಿನ ಕಳೆದು ನೋಡಿದರೆ ಅಲೆ ನಡೆದುಹೋದ ದಾರಿಯುದ್ದಕ್ಕೂ ಕೋಶಗಳು ಒಡೆದು ಎರಡಾಗುತ್ತಿರುತ್ತವೆ. ಸಾವಿನ ಸುದ್ದಿ ಕೇಳಿ ಬೆಳೆಯುತ್ತವೆ. ನನ್ನದೇ ಪ್ರಯೋಗ, ಆದರೂ ಮೈ ಜುಂ ಎನ್ನುತ್ತದೆ.

ಸಿಟ್ಟು ಇಳಿಯಿತು. ಯಾವಾಗ ಇಳಿಯಿತೋ ಗಮನಿಸಲಿಲ್ಲ.

ನಿಮ್ಮ
ಇಮೆಲ್ಡಾ


ಹ್ಯಾನ್‌ಕಾಕ್
ಏಪ್ರಿಲ್ 3, 2019

ಮಗಳೇ,

ಐಲಿ ಮೂರು ಸಲ ಓದಿದಳು. ಮೂರನೆಯ ಸಲ ಅವಳೇ ಅರ್ಧಕ್ಕೆ ನಿಲ್ಲಿಸಿ, “ಅಲ್ವೋ, ಇಷ್ಟು ವರ್ಷ ಇಂಥದಕ್ಕೆ ನೀನು ಗಂಜಿ ಹಾಕ್ತಿದ್ಯಾ? ಒಂದ್ ದಿನಾನೂ ಹೇಳ್ಲಿಲ್ವಲ್ಲೋ” ಎಂದಳು. ಹೇಳಲು ನನಗೇ ಗೊತ್ತಿರಲಿಲ್ಲ. ದಿನಕ್ಕೆ ಎರಡು ಸಾವಿರ ಸೀಸೆ ತುಂಬಿದೆ, ಎಂಬತ್ತು ಲೀಟರ್ ಕಾಯಿಸಿದೆ, ತೊಳೆದೆ, ಆರಿಸಿದೆ. ಒಳಗೆ ಹೀಗೆಲ್ಲ ನಡೆಯುತ್ತಿತ್ತೇ? ದೊಡ್ಡದು, ಬಹಳ ದೊಡ್ಡದು.

ಗ್ರೆಟಾ ಕಾಗದ ಬರೆದಿದ್ದಾಳೆ, ‘ಹಳಬರು ಹೋಗುತ್ತ ಹೊಸಬರನ್ನು ಬೆಳೆಸುತ್ತಾರೆ’ ಎಂದು ಏನೇನೋ. ನಾನಿನ್ನೂ ಸತ್ತಿಲ್ಲ ಎಂದು ಅವಳಿಗೆ ಹೇಳು.

ಒಂದು ಮಾತು ಕೇಳುತ್ತೇನೆ, ನಗಬೇಡ. ನನಗೀಗ ನಡುವಿನದು ಕಾಣುವುದಿಲ್ಲ, ಅಂಚಿನದು ಕಾಣುತ್ತದೆ. ಹಾಗಾಗಿ ನೀನು ಬರೆದದ್ದನ್ನು ಕೇಳುವಾಗ ನನ್ನ ಮನಸ್ಸು ಅಂಚಿಗೇ ಹೋಯಿತು. ‘ಅಂಚು ಮುಟ್ಟಿದಾಗ ಮುಗಿಯಿತು’ ಎಂದು ಬರೆದೆಯಲ್ಲ, ಮುಗಿಯಿತೆಂದು ನಿನಗೆ ಹೇಗೆ ಗೊತ್ತು? ಆಮೇಲೆ ನೋಡಿದೆಯಾ?

ರೈನೋ


ಮೂರನೇ ಮಹಡಿ
ಏಪ್ರಿಲ್ 15, 2019

ದೋನ್ ರೈನೋ,

ನೋಡಿರಲಿಲ್ಲ. ನನ್ನ ಪ್ರತಿಯೊಂದು ದಾಖಲೆಯನ್ನೂ ಅಲೆ ಅಂಚು ಮುಟ್ಟಿದೊಡನೆ ನಾನೇ ಗುಂಡಿ ಒತ್ತಿ ನಿಲ್ಲಿಸಿದ್ದೇನೆ. ಗ್ರೆಟಾಳನ್ನು ಕೇಳಿದೆ, ಪೆಕ್ ಅವರನ್ನೂ ಕೇಳಿದೆ. ಯಾರೂ ನೋಡಿಲ್ಲ. ಎಲ್ಲರೂ ನಡುವನ್ನೇ ನೋಡಿ ಎದ್ದುಹೋದವರು.

ಇವತ್ತು ಗುಂಡಿ ಒತ್ತಲಿಲ್ಲ. ಅಲೆ ಅಂಚಿಗೆ ಹೋಯಿತು, ಚೀಲ ಕಪ್ಪಾಯಿತು. ಐದು ನಿಮಿಷ. ಹತ್ತು ನಿಮಿಷ. ಗ್ರೆಟಾ ಬಂದು ಕುರ್ಚಿ ಎಳೆದುಕೊಂಡು ಕೂತಳು, ಬ್ರೆಂಡಾ ಗಂಜಿಯ ಸೌಟು ಹಿಡಿದೇ ಬಂದು ಹಿಂದೆ ನಿಂತಳು. ಹತ್ತೊಂಬತ್ತನೆಯ ನಿಮಿಷಕ್ಕೆ ಅಂಚಿನಲ್ಲಿ ಒಂದು ಮಿಣುಕು. ತೀರ ಮಂದ. ಅದು ಒಳಕ್ಕೆ ತಿರುಗಿತು. ಕೋಶದಿಂದ ಕೋಶಕ್ಕೆ ದಾಟುತ್ತ, ಮೊದಲಿಗಿಂತ ನಿಧಾನವಾಗಿ, ಬಂದ ದಾರಿಯಲ್ಲೇ ವಾಪಸ್ ನಡೆದು, ನಡುವಿನ ಬೇಲಿಯ ತನಕ ಬಂತು. ಬ್ರೆಂಡಾ “ಅಮ್ಮಾ!” ಎಂದು ಕೂಗಿದಳು. ನಾನು ಅಳುತ್ತಿದ್ದೆ.

ಆರು ಚೀಲ ನೋಡಿದೆವು, ಮೂರರಲ್ಲಿ ಮಾತ್ರ ಕಂಡಿತು. ನಿಜವೋ, ನಮ್ಮ ಕಣ್ಣಿನ ಆಸೆಯೋ ಇನ್ನೂ ಗೊತ್ತಿಲ್ಲ. ನೂರು ನೋಡಬೇಕು. ಗ್ರೆಟಾ ದಿನಚರಿ ಪುಸ್ತಕದಲ್ಲಿ ಹೊಸ ಪುಟ ತೆಗೆದು, ‘ಪ್ರಶ್ನೆ: ರೈನೋ ಕಾಂಗಸ್’ ಎಂದು ಮೇಲೆ ಬರೆದು, ಕೆಳಗೆ ಖಾಲಿ ಬಿಟ್ಟಿದ್ದಾಳೆ.

ಇನ್ನೆಲ್ಲಿ ನೋಡಲಿ, ಹೇಳಿ.

ಇಮೆಲ್ಡಾ